‘ಎಂಗೊ’ ಯಾರು, ‘ನಾವು’ ಯಾರು

ಪುಳ್ಳಿಗಳಿರಾ,

ಕಳೆದ ಬೇಸಗೆ ರಜೆಯಲ್ಲಿ ನೀವೆಲ್ಲ ಮರ್ಕಂಜಕ್ಕೆ ಬಂದಿದ್ದಾಗ ನಡೆದದ್ದು ನಿಮಗೆ ನೆನಪಿರಲಿಕ್ಕಿಲ್ಲ. ನನಗೆ ಉಂಟು. ರಾತ್ರಿ ಮನೆಯ ವಾಟ್ಸಾಪ್ ಗ್ರೂಪಿಗೆ ದೊಡ್ಡವಳ ಮೆಸೇಜು ಬಂತು: ‘ನಾಳೆ ಬೆಳಗ್ಗೆ ನಾವು ತೋಡಿಕಾನಕ್ಕೆ ಹೋಗ್ತೇವೆ.’ ಇಂಗ್ಲಿಷ್ ಅಕ್ಷರದ ಆ ಕನ್ನಡವನ್ನು ಅಜ್ಜಿಗೆ ಓದಿ ಹೇಳಿದವನು ನಾನೇ. ಮರುದಿನ ಅವಳು ಬೇಗ ಮಿಂದು, ಒಳ್ಳೆಯ ಸೀರೆ ಉಟ್ಟು, ದೇವಸ್ಥಾನದ ಹೊಳೆಮೀನುಗಳಿಗೆಂದು ಒಂದು ಹಿಡಿ ಅಕ್ಕಿ ಕಟ್ಟಿಕೊಂಡು ಜಗಲಿಯಲ್ಲಿ ಕೂತಳು. ನೀವು ಅಲ್ಲಿನ ದೇವರಗುಂಡಿ ಜಲಪಾತದ ನೀರಿಗೆ ಇಳಿಯಲು ಟವೆಲು ಹಿಡಿದು ಹೊರಟಿರಿ. ‘ಅಜ್ಜಿ, ಹೋಗಿ ಬರ್ತೇವೆ’ ಎಂದಿರಿ. ಅವಳು ‘ಅಕ್ಕು’ ಎಂದಳು. ಒಳಗೆ ಹೋಗಿ ಸೀರೆ ಬದಲಿಸಿದಳು.

ನಿಮ್ಮನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಆ ಬೆಳಗ್ಗೆ ಏನು ಕಳೆದುಹೋಯಿತು ಎಂದು ಹೇಳಬೇಕಾಗಿದೆ. ನಮ್ಮ ಹವ್ಯಕ ಮಾತಿನಲ್ಲಿ ‘ನಾವು’ ಎಂದರೆ ಕೇಳುತ್ತಿರುವವರೂ ಸೇರಿ. ಅವರನ್ನು ಬಿಟ್ಟು ಎನ್ನುವುದಾದರೆ ‘ಎಂಗೊ’. ‘ಎಂಗೊ ಹೋವುತ್ತೆಯೊ’ ಎಂದಿದ್ದರೆ ಅಜ್ಜಿ ಮಿಂದು ಕಾಯುತ್ತಿರಲಿಲ್ಲ. ತೋಟದ ಕೆಲಸಕ್ಕೆ ಬರುವವರ ತುಳುವನ್ನು ಕೇಳಿ: ಸಂಜೆ ಹೊರಡುವಾಗ ‘ಎಂಕುಲು ಪೋಪ’ ಎನ್ನುತ್ತಾರೆ, ಜೊತೆಗೆ ಕರೆಯುವುದಾದರೆ ‘ನಮ ಪೋಯಿ’. ನಿಮ್ಮ ಹಾಸ್ಟೆಲಿನ ತೆಲುಗು ಗೆಳತಿಗೆ ‘ಮೇಮು’, ‘ಮನಂ’ ಎಂಬ ಎರಡು ಮಾತುಂಟು. ತಮಿಳಿಗೂ ಮಲಯಾಳಕ್ಕೂ ಉಂಟು. ಪಠ್ಯಪುಸ್ತಕದ ಕನ್ನಡಕ್ಕೆ ಮಾತ್ರ ಎರಡಕ್ಕೂ ಒಂದೇ ‘ನಾವು’. ಇಂಗ್ಲಿಷಿಗೂ ಹಾಗೆಯೇ.

‘ಮನೆ ಮಾತಿಗೆ ಎಂತ ವ್ಯಾಕರಣ ಅಜ್ಜ?’ ಎಂದು ನಿಮ್ಮಲ್ಲೊಬ್ಬ ಕೇಳಿದ್ದ. ಉಂಟು ಮಗಾ. ತುಳುವಿನ ವ್ಯಾಕರಣ ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ ಅಚ್ಚಾದದ್ದು 1872ರಲ್ಲಿ, ಬ್ರಿಗೆಲ್ ಬರೆದದ್ದು. ನಮ್ಮ ಪುತ್ತೂರು ಕಡೆಯವರೇ ಆದ ಡಿ. ಎನ್. ಶಂಕರ ಭಟ್ಟರು ಸರ್ವನಾಮಗಳ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದರು, 2004ರಲ್ಲಿ ಆಕ್ಸ್‌ಫರ್ಡಿನವರು ಪ್ರಕಟಿಸಿದರು. ಲೋಕದ ಎಷ್ಟೋ ಭಾಷೆಗಳಲ್ಲಿ ‘ನಾನು’, ‘ನೀನು’, ‘ನಾವು’ ಹೇಗೆ ನಡೆಯುತ್ತವೆ ಎಂದು ನೋಡಿದ ಪುಸ್ತಕ ಅದು. ‘ಎಂಗೊ’ ಎಂಬ ಪುಟ್ಟ ಮಾತು ವಿದ್ವಾಂಸರು ತಲೆ ಕೆಡಿಸಿಕೊಳ್ಳುವಷ್ಟು ದೊಡ್ಡದು. ನೀವದನ್ನು ಬೆಂಗಳೂರಿನ ಬಸ್ಸು ಹತ್ತುವಾಗ ಮನೆಯಲ್ಲೇ ಬಿಟ್ಟು ಹೋಗುತ್ತೀರಿ.

ಇದರಲ್ಲಿ ನಮ್ಮ ಪಾಲೂ ಉಂಟು. ನಾನು ಶಾಲೆಗೆ ಹೋಗುವಾಗ ಉತ್ತರ ಪತ್ರಿಕೆಯಲ್ಲಿ ‘ಉಂಟು’ ಎಂದು ಬರೆದರೆ ಕೆಂಪು ಶಾಯಿಯ ಗೆರೆ ಬೀಳುತ್ತಿತ್ತು. ಆ ಗೆರೆಗೆ ಹೆದರಿ ನಿಮ್ಮ ಅಪ್ಪಂದಿರಿಗೂ ಮನೆಮಾತು ಮನೆಯೊಳಗೇ ಇರಲಿ ಎಂದು ಕಲಿಸಿದೆವು. ಅದು ತಪ್ಪಾಯಿತು.

ಹಾಗೆಂದು ಮಾತು ಬದಲಾಗಲೇಬಾರದು ಎಂದು ನಾನು ಹೇಳುವವನಲ್ಲ. ಹವ್ಯಕದಲ್ಲಿ ಅಪ್ಪ ‘ಬಂದ’, ಅಬ್ಬೆ ‘ಬಂತು’. ಹೆಂಗಸಿಗೆ ಕ್ರಿಯಾಪದವೂ ದನಕರುಗಳಿಗೆ ಹೇಳಿದ ಹಾಗೆಯೇ. ನಿಮ್ಮ ಅಕ್ಕ ಒಮ್ಮೆ ಊಟಕ್ಕೆ ಕೂತಾಗ, ‘ಅಬ್ಬೆಯನ್ನು ಹಾಗೆ ಹೇಳಲು ನನಗೆ ಮನಸ್ಸು ಬರುವುದಿಲ್ಲ, ನಾನು ಅವಳು ಬಂದಳು ಎಂದೇ ಹೇಳುವುದು’ ಎಂದಳು. ಅಜ್ಜಿ, ‘ಪ್ರೀತಿಯ ಮಾತಪ್ಪಾ ಅದು’ ಎಂದಳು. ನನಗೆ ಇಬ್ಬರ ಮಾತೂ ಸರಿ ಕಂಡಿತು. ಆದರೆ ಆ ಹುಡುಗಿ ಹಳೆಯದನ್ನು ತಿಳಿದು, ತೂಗಿ, ಬೇಡ ಎಂದವಳು. ‘ಎಂಗೊ’ವನ್ನು ನೀವು ಯಾರೂ ಬೇಡ ಎನ್ನಲಿಲ್ಲ, ಅದು ಕೈಯಿಂದ ಜಾರಿದ್ದೇ ನಿಮಗೆ ಗೊತ್ತಾಗಲಿಲ್ಲ. ನನಗೆ ಸಂಕಟ ಅದು.

ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಚಿಂತೆಯಿಲ್ಲ. ದೀರ್ಘ ಹ್ರಸ್ವ ತಪ್ಪಿದರೂ ನಾನು ಊಹಿಸಿ ಓದಿಕೊಳ್ಳುತ್ತೇನೆ. ಫೋನು ಮಾಡಿದಾಗ ಮಾತ್ರ ಅಜ್ಜಿಯೊಡನೆ ಅವಳ ಮಾತಿನಲ್ಲೇ ಮಾತಾಡಿ. ತಡವರಿಸಿದರೆ ಅವಳೇ ತಿದ್ದುತ್ತಾಳೆ, ನಗುವುದಿಲ್ಲ. ಕ್ರಿಯಾಪದದ ಕೊನೆಗಳನ್ನು ಅವಳಷ್ಟು ಚೆನ್ನಾಗಿ ಹೇಳಿಕೊಡುವವರು ನಿಮಗೆ ಬೇರೆಲ್ಲೂ ಸಿಗಲಿಕ್ಕಿಲ್ಲ, ಅವಳಿಗೆ ಎಪ್ಪತ್ತೆಂಟು ಆಯಿತು.

ದೀಪಾವಳಿಗೆ ಬರುತ್ತೀರಲ್ಲ, ತೋಡಿಕಾನಕ್ಕೆ ಇನ್ನೊಮ್ಮೆ ಹೋಗುವ. ಮುಂಚಿನ ದಿನ ಗ್ರೂಪಿಗೆ ಮೆಸೇಜು ಹಾಕಿ. ಈ ಸಲವೂ ‘ನಾವು’ ಎಂದೇ ಬರೆಯಿರಿ, ಕಾರಿನ ಮುಂದಿನ ಸೀಟು ಅಜ್ಜಿಗೆ ಬಿಡಿ.