ಮಿನಿ ಹಿಟಾಚಿ ಟ್ರೈಲರ್‌ಗೆ ಹತ್ತಿಸುವಾಗ ಅವಸರ ಬೇಡ

ಇಂಗುಗುಂಡಿ ತೋಡೋಕೆ ನಮ್ಮ ತೋಟಕ್ಕೆ 3 ಟನ್ ತೂಕದ ಮಿನಿ ಹಿಟಾಚಿ ಬರುತ್ತೆ. ಟ್ರೈಲರ್‌ಗೆ ಹತ್ತಿಸುವಾಗ ನಾನು ನೋಡೋದು ಇಷ್ಟು:

1. ಟ್ರೈಲರ್ ಅಷ್ಟು ತೂಕ ತಡೆಯುತ್ತಾ? ಗಟ್ಟಿಯಾದ ಸಮ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಮರದ ತುಂಡು ಕೊಡಿ.

2. ಚೈನಿಗೆ ಮೆತ್ತಿದ ಕೆಸರು ಕೆರೆದು ತೆಗೀರಿ. ಕೆಸರಿದ್ದರೆ ಕಬ್ಬಿಣದ ಹಲಗೆ ಮೇಲೆ ಗಾಡಿ ಜಾರುತ್ತೆ.

3. ನೇರವಾಗಿ, ನಿಧಾನವಾಗಿ ಹತ್ತಿಸಿ. ಹಲಗೆ ಮೇಲೆ ತಿರುಗಿಸಬೇಡಿ. ಹಿಂದೆ, ಪಕ್ಕದಲ್ಲಿ ಯಾರೂ ನಿಲ್ಲಬಾರದು.

4. ಬಕೆಟ್ ಕೆಳಗಿಳಿಸಿ, ಇಂಜಿನ್ ಆಫ್ ಮಾಡಿ. ಗಾಡಿಯ ಕೊಂಡಿಗಳಿಂದ ನಾಲ್ಕು ಮೂಲೆಗೂ ಸರಪಳಿ ಹಾಕಿ ಬಿಗಿಯಿರಿ, ಬಕೆಟ್‌ಗೂ ಒಂದು. ಹಗ್ಗ ಸಾಲದು.

5. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ನೋಡಿ. ಕುಲುಕಾಟಕ್ಕೆ ಸರಪಳಿ ಸಡಿಲ ಆಗಿರುತ್ತೆ.

ಬಾಡಿಗೆ ಗಂಟೆ ಲೆಕ್ಕ ಅಂತ ಡ್ರೈವರ್‌ಗೆ ಅವಸರ ಮಾಡಬೇಡಿ. ಗಾಡಿ ಮಗುಚಿದರೆ ಅದರಡಿ ಸಿಗೋದು ಅವನೇ.