ಬೆಲೆ ಕೇಳಲು ಏಳದ ನಾಲಿಗೆ

ಅಕ್ಕಿಪೇಟೆಯಲ್ಲಿ ಹೊತ್ತೇರಿತೆಂದರೆ ಮೂಟೆ ಹೊತ್ತವರು ದಾರಿ ಬಿಡಿ ಎನ್ನುತ್ತ ನುಗ್ಗುತ್ತಾರೆ, ಆಟೋಗಳು ಹಾರ್ನ್ ಒತ್ತುತ್ತವೆ. ಅಂಥ ಗದ್ದಲದಲ್ಲೂ 'ಈ ಸೋನಾ ಮಸೂರಿ ಎಷ್ಟು?' ಎಂದು ಕೇಳಲು ನಾಲಿಗೆ ಏಳದವರಿದ್ದಾರೆ. ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ತಪ್ಪಿ ಮಾತಾಡಿದರೆ ನಾಲ್ಕು ಜನ ನಕ್ಕಾರು ಎಂಬ ಭಯ. ನೀವು ಅವರಲ್ಲೊಬ್ಬರಾದರೆ ಈ ಮಾತು ನಿಮಗೆ.

2000ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಮುಜುಗರ ತರುವ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಜನರಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಮಂದಿ ಗಮನಿಸಿರುತ್ತಾರೆಂದು ತೊಟ್ಟವರ ಅಂದಾಜು. ಗಮನಿಸಿದ್ದು ಸುಮಾರು ಕಾಲುಭಾಗ ಮಂದಿ. ನಾವು ಹೆದರುವಷ್ಟು ಜನ ನಮ್ಮನ್ನು ಗಮನಿಸುತ್ತಿರುವುದಿಲ್ಲ.

ಬೆಲೆ ಕೇಳದೆ ತಪ್ಪಿಸಿಕೊಂಡಾಗ ಎದೆ ಹಗುರಾಗುತ್ತದೆ ನಿಜ. ಆದರೆ ಭಯ ಬೆಳೆಯುವುದೂ ಅಲ್ಲೇ. ಹಾಗಾಗಿ ಸಣ್ಣದರಿಂದ ತೊಡಗಿ. ಇವತ್ತು ಒಂದೇ ಅಂಗಡಿಯಲ್ಲಿ ಬೆಲೆ ಕೇಳಿ, ಏನೂ ಕೊಳ್ಳದೆ ಬನ್ನಿ. ಕೆಲವು ದಿನ ಬಿಟ್ಟು ಇನ್ನೊಂದರಲ್ಲಿ ಚೌಕಾಸಿ ಮಾಡಿ. ನಿಮ್ಮ ದನಿ ನಡುಗುತ್ತಿದೆಯೇ ಎಂದು ಗಮನಿಸುವ ಬದಲು ಅಕ್ಕಿ ಹಳೆಯದೋ ಹೊಸದೋ, ನುಚ್ಚು ಎಷ್ಟಿದೆ ಎಂದು ನೋಡಿ. ಕೈ ನಡುಗಿದರೆ ನಡುಗಲಿ, ಅಲ್ಲೇ ನಿಲ್ಲಿ.

ಮನೆಯವರಿಗೂ ಒಂದು ಮಾತು: ನೆಂಟರ ಮುಂದೆ 'ಇವನಿಗೆ ಬಾಯೇ ಇಲ್ಲ' ಎಂದು ದಯವಿಟ್ಟು ನಗಬೇಡಿ.

ಭಯದಿಂದ ಕಾಲೇಜೋ ಕೆಲಸವೋ ತಪ್ಪುತ್ತಿದ್ದರೆ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫೋನೆಂದರೂ ಭಯವೇ? ಮೊದಲ ಸಲ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿ.