ಮಗುವಿನ ಪಾಲನೆ: ನ್ಯಾಯಾಲಯಕ್ಕೆ ಏನು ಬರೆಯಬೇಕು?

ಭದ್ರಾವತಿಯ ನ್ಯೂ ಟೌನ್‌ನ ಸಹೋದರಿಯೊಬ್ಬಳು ಕಾಗದದ ಕಟ್ಟೊಂದನ್ನು ತಂದು ಮುಂದಿಟ್ಟಳು. ಒಂಭತ್ತು ವರ್ಷದ ಮಗಳನ್ನು ತನ್ನ ವಶಕ್ಕೆ ಕೊಡಿಸಬೇಕೆಂದು ವಿಚ್ಛೇದಿತ ಪತಿ ಅರ್ಜಿ ಹಾಕಿದ್ದ. ಆಕೆ ಬರೆದ ಉತ್ತರ ಹನ್ನೊಂದು ಪುಟವಿತ್ತು. ಅತ್ತೆಯ ಬೈಗುಳ, ನಾದಿನಿಯ ಚುಚ್ಚುಮಾತು, ಮದುವೆ ಊಟದ ಜಗಳ, ಎಲ್ಲವೂ ಇತ್ತು. “ಮಗಳ ವಿಷಯ ಎಲ್ಲಿದೆ ತಂಗೀ?” ಎಂದು ಕೇಳಿದೆ. ಕೊನೆಯ ಪುಟದ ಎರಡು ಸಾಲು ತೋರಿಸಿದಳು.

ಹನಫೀ ಕರ್ಮಶಾಸ್ತ್ರದಂತೆ ಹಿಝಾನತ್, ಅರ್ಥಾತ್ ಪಾಲನೆಯ ಹಕ್ಕು, ಗಂಡುಮಗುವಿಗೆ ಏಳು ವರ್ಷ ತುಂಬುವ ತನಕ, ಹೆಣ್ಣುಮಗು ಪ್ರಾಯಕ್ಕೆ ಬರುವ ತನಕ ತಾಯಿಯದು. ಆದರೆ ಇಷ್ಟನ್ನೇ ಬರೆದರೆ ಸಾಲದು. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯಿದೆಯ 17ನೇ ಸೆಕ್ಷನ್ ಮಗುವಿನ ಹಿತವನ್ನು ನೋಡುವಂತೆ ನ್ಯಾಯಾಧೀಶರಿಗೆ ಹೇಳುತ್ತದೆ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಪರಿಗಣಿಸಬಹುದು. ಬೆಂಗಳೂರಿನ ಮುಸ್ಲಿಮ್ ಕುಟುಂಬವೊಂದರಲ್ಲಿ ತಾಯಿ ತೀರಿಕೊಂಡ ಬಳಿಕ ತಂದೆ ಮರುಮದುವೆಯಾಗಿದ್ದ. ಪ್ರಕರಣ ಮುಗಿಯುವ ತನಕ ಮಕ್ಕಳು ತಾಯಿಯ ಕಡೆಯವರಲ್ಲೇ ಇರಲೆಂದು ಸುಪ್ರೀಮ್ ಕೋರ್ಟ್ 2010ರಲ್ಲಿ ಹೇಳಿತು. ತಂದೆ ಸಹಜ ಪೋಷಕನೆಂಬ ಒಂದೇ ಕಾರಣ ಅಲ್ಲಿ ಸಾಕಾಗಲಿಲ್ಲ.

ಆದ್ದರಿಂದ ಮಗಳ ದಿನಚರಿಯನ್ನೇ ಬರೆಯಬೇಕು. ಶಾಲೆಗೆ, ಮದ್ರಸಕ್ಕೆ ಯಾರು ಕಳಿಸುತ್ತಾರೆ, ಜ್ವರ ಬಂದಾಗ ಆಸ್ಪತ್ರೆಗೆ ಯಾರು ಒಯ್ದರು, ತಾಯಿ ಕೆಲಸಕ್ಕೆ ಹೋದಾಗ ಮನೆಯಲ್ಲಿ ಯಾರಿರುತ್ತಾರೆ? ಅಂಕಪಟ್ಟಿ, ಆಸ್ಪತ್ರೆಯ ಚೀಟಿಗಳನ್ನು ದಿನಾಂಕದೊಡನೆ ಲಗತ್ತಿಸಬೇಕು. ಅರ್ಜಿಯ ಪ್ರತಿಯೊಂದು ಪ್ಯಾರಾಕ್ಕೂ ಅದರ ಸಂಖ್ಯೆ ಹಾಕಿ ಉತ್ತರಿಸಬೇಕು. ಸ್ಪಷ್ಟವಾಗಿ ನಿರಾಕರಿಸದ ಆರೋಪವನ್ನು ಒಪ್ಪಿಕೊಂಡಂತೆಯೇ ಎಣಿಸುವುದು ಸಿವಿಲ್ ನ್ಯಾಯಾಲಯದ ಕ್ರಮ. ಸಮನ್ಸ್ ತಲುಪಿದ ಮೂವತ್ತು ದಿನಗಳೊಳಗೆ ಉತ್ತರ ಸಲ್ಲಿಸುವುದೂ ಸಾಮಾನ್ಯ ನಿಯಮ. ಬರೆದದ್ದನ್ನು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಸ್ತ್ರೀಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ.

ಒಂದು ಕಡೆ ಆಕೆ ತಡವರಿಸಿದಳು. ಶಾಲೆಯ ಫೀಸು ತಾನೇ ಕಟ್ಟುತ್ತಿದ್ದೇನೆಂದು ಪತಿ ಬರೆದಿದ್ದ. ಆಕೆ ಅದನ್ನು ಸುಳ್ಳೆಂದಿದ್ದಳು. “ಕಟ್ಟಿದ್ದು ನಿಜ. ಒಪ್ಪಿದರೆ ಮಗಳು ಕೈ ತಪ್ಪುವುದಿಲ್ಲವೇ?” ಆ ಭಯ ನನಗೆ ಅರ್ಥವಾಗದ್ದೇನಲ್ಲ. ಆದರೆ ರಶೀದಿ ಆತನ ಕೈಯಲ್ಲಿದೆ. ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಮೇಲಾಗಿ, ಸ್ವತಃ ನಮಗೆ ವಿರುದ್ಧವಾದರೂ ಸತ್ಯಸಾಕ್ಷ್ಯ ನುಡಿಯಬೇಕೆಂಬುದು ಸೂರಃ ಅನ್ನಿಸಾದ 135ನೇ ವಚನದ ಆದೇಶ. ಮಗುವಿನ ನಿಮಿತ್ತ ತಾಯಿಗಾಗಲಿ ತಂದೆಗಾಗಲಿ ಹಾನಿಯಾಗಬಾರದೆಂದು ಅಲ್ ಬಕರಃದ 233ನೇ ವಚನವೂ ಕಲಿಸುತ್ತದೆ.

ವಾರದ ಬಳಿಕ ನಾಲ್ಕು ಪುಟ ತಂದಳು. ಫೀಸು ಕಟ್ಟಿದ್ದನ್ನು ಒಪ್ಪಿದ್ದಳು. ತಂದೆ ಭಾನುವಾರಗಳಂದು ಮಗಳನ್ನು ಕಾಣಬಹುದೆಂದೂ ಬರೆದು, ಗಂಟೆಯ ಜಾಗವನ್ನು ಖಾಲಿ ಬಿಟ್ಟಿದ್ದಳು. ಮಗಳನ್ನು ಕೇಳಿ ತುಂಬುತ್ತೇನೆ ಎಂದಳು.